ಮಕ್ಕಳಿಗೆ ಕಾರ್ಟೂನ್ ಸೈನಿಕನ ಚಿತ್ರ ಕಲಿಸುವುದು ಹೇಗೆ: ನೆಲದ ಗೆರೆಯಿಂದ ಬಣ್ಣದವರೆಗೆ

ಆಗಸ್ಟ್ 15 ಹತ್ತಿರ ಬಂತೆಂದರೆ ಶಾಲೆಯ ಗೋಡೆ ತುಂಬ ಸೈನಿಕರು. ಸಾಲಾಗಿ ಒಮ್ಮೆ ನೋಡಿಕೊಂಡು ಹೋಗಿ. ಬಹಳಷ್ಟು ಸೈನಿಕರಿಗೆ ಮೊಣಕಾಲಿನಿಂದ ಕೆಳಗೆ ಏನೂ ಇರುವುದಿಲ್ಲ, ಅಲ್ಲಿಗೆ ಹಾಳೆ ಮುಗಿದಿರುತ್ತದೆ. ಕೆಲವರು ಎಡಗೈಯಲ್ಲಿ ಸೆಲ್ಯೂಟ್ ಹೊಡೆಯುತ್ತಿರುತ್ತಾರೆ. ಇನ್ನು ಕೆಲವರ ಕೈಯಲ್ಲಿ ಬಂದೂಕು ಇರುತ್ತದೆ, ಆದರೆ ಬೆರಳು ಇರಬೇಕಾದಲ್ಲಿ ರಬ್ಬರು ಉಜ್ಜಿ ಉಜ್ಜಿ ತೂತು ಬಿದ್ದಿರುತ್ತದೆ.

ಮೂರಕ್ಕೂ ಕಾರಣ ಒಂದೇ. ಮಗು ತನಗೆ ಇಷ್ಟವಾದದ್ದನ್ನು ಮೊದಲು ಬರೆಯುತ್ತದೆ: ಟೋಪಿ, ಮೀಸೆ, ಬಂದೂಕು. ಜಾಗ ಸಾಕಾಗುತ್ತದೆಯೇ ಎಂಬ ಯೋಚನೆ ಬರುವಷ್ಟರಲ್ಲಿ ಹಾಳೆ ಖಾಲಿ. ಹಾಗಾಗಿ ಇಲ್ಲಿ ಕ್ರಮವನ್ನೇ ತಿರುಗಿಸಿದೆ. ಮೊದಲು ನೆಲ, ಆಮೇಲೆ ಅಳತೆ, ಆಮೇಲೆ ಮೈ. ಕಣ್ಣು ಮೀಸೆಯ ಸರದಿ ಕೈಕಾಲು ಎಲ್ಲ ಮುಗಿದ ಮೇಲೆ.

ಇದು 5ರಿಂದ 11 ವರ್ಷದ ಮಕ್ಕಳಿಗೆ ಹೊಂದುವ ಕ್ರಮ. 40 ನಿಮಿಷದ ಎರಡು ಪಿರಿಯಡ್ ಇಟ್ಟುಕೊಳ್ಳಿ. ಮೊದಲನೆಯದು ಪೆನ್ಸಿಲ್‌ಗೆ, ಎರಡನೆಯದು ಶಾಯಿ ಮತ್ತು ಬಣ್ಣಕ್ಕೆ. ಒಂದೇ ಪಿರಿಯಡ್‌ನಲ್ಲಿ ಮುಗಿಸಲು ಹೊರಟರೆ ಒಣಗದ ಶಾಯಿಯ ಮೇಲೆ ಬಣ್ಣ ಎಳೆದು ಎರಡೂ ಹಾಳಾಗುತ್ತವೆ.

## ಬೇಕಾದ ಸಾಮಾನು

- ಎ4 ಹಾಳೆ, ಒಬ್ಬರಿಗೆ ಎರಡು. ಅಭ್ಯಾಸಕ್ಕೆ ಸಾದಾ ಜೆರಾಕ್ಸ್ ಹಾಳೆ ಸಾಕು. ಬಣ್ಣ ಹಚ್ಚುವ ಪ್ರತಿಗೆ ದಪ್ಪನೆಯ ಡ್ರಾಯಿಂಗ್ ಹಾಳೆಯೇ ಬೇಕು.
- ಎಚ್‌ಬಿ ಪೆನ್ಸಿಲ್ ಮತ್ತು ಮೆಂಡರ್. ಮೊನೆ ಸೂಜಿಯಂತಿದ್ದರೆ ರದ್ದಿ ಕಾಗದದ ಮೇಲೆ ನಾಲ್ಕು ಸಲ ಗೀಚಿ ಸ್ವಲ್ಪ ಮೊಂಡು ಮಾಡಿ ಕೊಡಿ.
- ರಬ್ಬರು. ಇದು ಮಕ್ಕಳ ಕೈಯಲ್ಲಿ ಬೇಡ, ನಿಮ್ಮ ಮೇಜಿನ ಮೇಲಿರಲಿ.
- ಕಪ್ಪು ಸ್ಕೆಚ್ ಪೆನ್ ಒಂದು, ಕಪ್ಪು ಬಾಲ್ ಪೆನ್ ಒಂದು.
- 12 ಬಣ್ಣದ ಮೇಣದ ಕ್ರೇಯಾನ್ ಡಬ್ಬಿ.
- ಪರೀಕ್ಷೆಗೆ ಒಯ್ಯುವ ಕ್ಲಿಪ್ ಪ್ಯಾಡ್. ಅದಿಲ್ಲದಿದ್ದರೆ ಗಟ್ಟಿ ರಟ್ಟು, ಎರಡು ಕ್ಲಿಪ್.
- ರದ್ದಿ ಕಾಗದದ ಪಟ್ಟಿ: ಹಾಳೆಯಷ್ಟೇ ಉದ್ದ, ಎರಡು ಬೆರಳು ಅಗಲ.

ಜಲವರ್ಣ ಈ ಪಟ್ಟಿಯಲ್ಲಿ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಅದು ಒಣಗುವುದನ್ನು ಕಾಯುತ್ತ ಕೂತರೆ ಮಕ್ಕಳು ಮನೆಗೆ ಹೋಗಿರುತ್ತಾರೆ.

## ಮಳೆಗಾಲದ ಹಾಳೆ

ಆಗುಂಬೆ, ಹೊಸನಗರ, ತೀರ್ಥಹಳ್ಳಿ ಕಡೆಯ ಶಾಲೆಗಳಲ್ಲಿ ಅರ್ಧ ಸೋಲು ಇಲ್ಲಿಯೇ. ಹಾಳೆಯ ಒಂದು ಮೂಲೆ ಹಿಡಿದು ಅಲ್ಲಾಡಿಸಿ. ಗರಗರ ಸದ್ದು ಬಂದರೆ ಸರಿ. ಸದ್ದೇ ಇಲ್ಲದೆ ಒದ್ದೆ ಬಟ್ಟೆಯಂತೆ ಜೋತು ಬಿದ್ದರೆ ಆ ಹಾಳೆ ಥಂಡಿ ಹಿಡಿದಿದೆ. ಅದರ ಮೇಲೆ ಪೆನ್ಸಿಲ್ ಗೆರೆ ಮೂಡುವ ಬದಲು ತಗ್ಗು ಬೀಳುತ್ತದೆ, ರಬ್ಬರು ಉಜ್ಜಿದರೆ ಎಳೆ ಎಳೆಯಾಗಿ ಮೇಲೇಳುತ್ತದೆ, ಸ್ಕೆಚ್ ಪೆನ್ನಿನ ಶಾಯಿ ಗೆರೆಯ ಎರಡೂ ಬದಿಗೆ ಕೂದಲಿನಂತೆ ಹರಡುತ್ತದೆ. ಮಗು ಎಷ್ಟು ನೀಟಾಗಿ ಬರೆದರೂ ಉಪಯೋಗವಿಲ್ಲ.

ಪರಿಹಾರ ಸುಲಭ. ಹಾಳೆಗಳನ್ನು ಹಿಂದಿನ ದಿನವೇ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸ್ಟೀಲ್ ಟ್ರಂಕಿನಲ್ಲೋ ಮುಚ್ಚಳ ಬಿಗಿಯಾದ ಡಬ್ಬಿಯಲ್ಲೋ ಇಡಿ. ಬಳಸುವ ಹೊತ್ತಿಗೆ ಎಷ್ಟು ಬೇಕೋ ಅಷ್ಟೇ ತೆಗೆಯಿರಿ. ಆಗಲೇ ಥಂಡಿಯಾಗಿದ್ದರೆ ಮೇಲೊಂದು ಒಣ ಕಾಗದ ಹಾಸಿ, ಇಸ್ತ್ರಿ ಪೆಟ್ಟಿಗೆಯನ್ನು ಕಡಿಮೆ ಬಿಸಿಯಲ್ಲಿ ಒಂದೆರಡು ಸಲ ಎಳೆದರೆ ಸಾಕು. ಇದು ದೊಡ್ಡವರ ಕೆಲಸ. ಬಚ್ಚಲ ಒಲೆಯ ಹತ್ತಿರ ಒಣಗಿಸಲು ಹೋಗಬೇಡಿ. ಹಾಳೆ ಒಣಗುತ್ತದೆ ನಿಜ, ಜೊತೆಗೆ ಹೊಗೆ ಕುಡಿದು ಹಳದಿಯೂ ಆಗುತ್ತದೆ.

ಮಳೆಯ ದಿನ ಹಂಚಿನ ಮಾಡಿನ ಕೋಣೆಯಲ್ಲಿ ಬೆಳಕು ಕಮ್ಮಿ, ಕರೆಂಟಿನ ಭರವಸೆಯಿಲ್ಲ. ಬಲಗೈಯಲ್ಲಿ ಬರೆಯುವ ಮಗುವಿಗೆ ಕಿಟಕಿ ಎಡಕ್ಕೆ ಬರಲಿ, ಎಡಗೈಯವರಿಗೆ ಬಲಕ್ಕೆ. ಇಲ್ಲವಾದರೆ ಕೈಯ ನೆರಳು ಸರಿಯಾಗಿ ಪೆನ್ಸಿಲ್ ಮೊನೆಯ ಮೇಲೆಯೇ ಬೀಳುತ್ತದೆ.

## ಶುರು ಮಾಡುವ ಮೊದಲು: ಸೈನಿಕ ಹೇಗೆ ನಿಂತಿದ್ದಾನೆ?

ನಿಲುವನ್ನು ವಯಸ್ಸಿಗೆ ತಕ್ಕಂತೆ ಆರಿಸಿ. ಮಕ್ಕಳಿಗೆ ಪಿ.ಟಿ. ಪಿರಿಯಡ್‌ನಿಂದ ‘ಸಾವಧಾನ್’, ‘ವಿಶ್ರಾಮ್’ ಎರಡೂ ಗೊತ್ತು. ಅದನ್ನೇ ಬಳಸಿಕೊಳ್ಳಿ.

5–6 ವರ್ಷದವರಿಗೆ ವಿಶ್ರಾಮ್. ಕಾಲು ಅಗಲ, ಎರಡೂ ಕೈ ಬೆನ್ನ ಹಿಂದೆ. ಅಂಗೈ ಕಾಣುವುದೇ ಇಲ್ಲವಾದ್ದರಿಂದ ಚಿತ್ರದ ಅತಿ ಕಷ್ಟದ ಭಾಗ ತಾನಾಗಿಯೇ ತಪ್ಪುತ್ತದೆ. 7–8 ವರ್ಷದವರಿಗೆ ಸಾವಧಾನ್: ಕೈ ಎರಡೂ ಪ್ಯಾಂಟಿನ ಹೊಲಿಗೆಗೆ ಅಂಟಿ ಕೆಳಗೆ, ಮುಷ್ಟಿ ಕಟ್ಟಿದೆ. 9 ದಾಟಿದವರಿಗೆ ಸೆಲ್ಯೂಟ್.

ಬಂದೂಕು ಮೊದಲ ಚಿತ್ರದಲ್ಲಿ ಬೇಡ. ಹಿಂಸೆ ಗಿಂಸೆ ಎಂಬ ಮಾತು ಆಮೇಲೆ. ಇಲ್ಲಿ ತೊಂದರೆ ಬೆರಳಿನದು. ಒಂದು ಕೋಲನ್ನು ಸುತ್ತಿ ಹಿಡಿದ ಐದು ಬೆರಳು ಬರೆಯುವುದು ಹೈಸ್ಕೂಲಿನವರಿಗೂ ಸಲೀಸಲ್ಲ. ಮಗು ಹಟ ಹಿಡಿದರೆ ಬಂದೂಕನ್ನು ಬೆನ್ನಿಗೆ ನೇತುಹಾಕಿ: ಹೆಗಲ ಮೇಲೆ ನಳಿಗೆಯ ತುದಿ 2 ಸೆಂ.ಮೀ., ಎದೆಯ ಮೇಲೆ ಓರೆಯಾಗಿ ಒಂದು ಪಟ್ಟಿ. ಅಷ್ಟಕ್ಕೇ ಬಂದೂಕು ಇದೆ ಎಂದು ಗೊತ್ತಾಗುತ್ತದೆ, ಬೆರಳು ಬರೆಯುವ ಗೋಜಿಲ್ಲ.

ಪೂರ್ತಿ ಮುಗಿದ ಮಾದರಿ ಚಿತ್ರವನ್ನು ಬೋರ್ಡಿಗೆ ಅಂಟಿಸಿಡಬೇಡಿ. ಅದನ್ನು ನೋಡಿದ ಮಗು ನೇರವಾಗಿ ಮೀಸೆಗೆ ಹೋಗುತ್ತದೆ. ನೀವು ಬೇರೆ ಹಾಳೆಯಲ್ಲಿ ಮಕ್ಕಳಿಗಿಂತ ಒಂದೇ ಹೆಜ್ಜೆ ಮುಂದೆ ಬರೆಯುತ್ತ ಹೋಗಿ. ಮಗುವಿನ ಹಾಳೆಯ ಮೇಲೆ ನಿಮ್ಮ ಪೆನ್ಸಿಲ್ ತಾಗಬಾರದು. ನೀವು ತಿದ್ದಿದ ಒಂದು ಗೆರೆ ಉಳಿದೆಲ್ಲ ಗೆರೆಗಳನ್ನು ಸೊಟ್ಟಗೆ ಕಾಣಿಸುತ್ತದೆ, ಆಮೇಲೆ ಮಗು ಪ್ರತಿ ಹಂತಕ್ಕೂ ಹಾಳೆಯನ್ನು ನಿಮ್ಮ ಮುಂದೆ ತಂದಿಡುತ್ತದೆ.

## ಹಂತ 1: ಪಟ್ಟಿ ಮಡಚಿ ನಾಲ್ಕು ಮನೆ ಮಾಡಿ

ರದ್ದಿ ಪಟ್ಟಿಯನ್ನು ಉದ್ದಕ್ಕೆ ಅರ್ಧ ಮಡಚಿ, ಮತ್ತೆ ಅರ್ಧ ಮಡಚಿ, ಬಿಚ್ಚಿ. ಮೂರು ಮಡಿಕೆ, ನಾಲ್ಕು ಭಾಗ. ಎ4 ಹಾಳೆ 29.7 ಸೆಂ.ಮೀ. ಉದ್ದವಿರುವುದರಿಂದ ಒಂದೊಂದು ಭಾಗ ಸುಮಾರು 7.4 ಸೆಂ.ಮೀ. ಪಟ್ಟಿಯನ್ನು ಹಾಳೆಯ ಅಂಚಿಗೆ ಹಿಡಿದು ಮಡಿಕೆ ಬಂದಲ್ಲೆಲ್ಲ ಚುಕ್ಕಿ ಇಡಿಸಿ. ಎರಡೂ ಅಂಚಿಗೆ ಚುಕ್ಕಿ ಇಟ್ಟ ಮೇಲೆ ತೀರಾ ತೆಳುವಾಗಿ ಅಡ್ಡಗೆರೆ ಎಳೆಸಿ.

ಹಾಳೆಯನ್ನೇ ಮಡಚಿದರೆ ಕೆಲಸ ಬೇಗ ಆಗುತ್ತದಲ್ಲ ಎನ್ನಬಹುದು. ಆಗುತ್ತದೆ. ಆದರೆ ಮಡಿಕೆ ಬಿದ್ದಲ್ಲಿ ಕ್ರೇಯಾನ್ ಕೂರುವುದಿಲ್ಲ, ಶಾಯಿ ಹರಡುತ್ತದೆ, ಮೂರು ಅಡ್ಡ ಗಾಯ ಕೊನೆವರೆಗೂ ಉಳಿಯುತ್ತವೆ.

ಕುಂಟೆಬಿಲ್ಲೆ ಆಡಿದ ಮಕ್ಕಳಿಗೆ ‘ಮನೆ’ ಎಂದರೆ ಕೂಡಲೇ ತಿಳಿಯುತ್ತದೆ. ಮೇಲಿನಿಂದ ಹೆಸರಿಡಿ: ಟೋಪಿ ಮನೆ, ಮುಖದ ಮನೆ, ಅಂಗಿ ಮನೆ, ಕಾಲಿನ ಮನೆ. ಟೋಪಿ ಮನೆಯ ಮೇಲರ್ಧ ಖಾಲಿ ಬಿಡಬೇಕು. ಕಾಲಿನ ಮನೆಯ ತಳದಲ್ಲಿ ಅಂಚಿನಿಂದ 2 ಸೆಂ.ಮೀ. ಮೇಲೆ ನೆಲದ ಗೆರೆ. ಆಮೇಲೆ ನಡುವೆ, ಅಂಚಿನಿಂದ 10.5 ಸೆಂ.ಮೀ. ಒಳಗೆ, ಮೇಲಿನಿಂದ ಕೆಳಕ್ಕೆ ಒಂದು ಬೆನ್ನುಗೆರೆ.

ಕೊನೆಗೆ ಹಾಳೆಯ ಎಡ ಅಂಚಿನಲ್ಲಿ ಸಣ್ಣದಾಗಿ ‘ಬ’ ಎಂದು ಬರೆಸಿ. ನಮ್ಮ ಕಡೆ ಮುಖ ಮಾಡಿ ನಿಂತ ಸೈನಿಕನ ಬಲಗೈ ಹಾಳೆಯ ಎಡಕ್ಕೆ ಬರುತ್ತದೆ. ಮಕ್ಕಳಿಗೆ ಇದನ್ನು ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ. ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಎದುರಿಗೆ ನಿಲ್ಲಿಸಿ, ಬಲ ಮಣಿಕಟ್ಟಿಗೆ ಕರವಸ್ತ್ರ ಕಟ್ಟಿ ಸೆಲ್ಯೂಟ್ ಹೊಡೆಸಿ. “ಕರವಸ್ತ್ರ ಕಿಟಕಿ ಕಡೆ ಇದ್ಯಾ, ಬಾಗಿಲ ಕಡೆ ಇದ್ಯಾ?” ಎಂದು ಕೇಳಿ. ಉತ್ತರ ಬಂದ ಮೇಲೆ ‘ಬ’ ಬರೆಸಿದರೆ ಮರೆಯುವುದಿಲ್ಲ.

ಎಚ್ಚರಿಕೆ: ಹಾಳೆಯ ಹಿಂಬದಿಯನ್ನು ಬೆರಳಿನಿಂದ ಸವರಿ. ಗೆರೆ ಉಬ್ಬಿ ಕೈಗೆ ತಾಗಿದರೆ ಮಗು ಒತ್ತಿ ಬರೆಯುತ್ತಿದೆ. ಈ ಗೆರೆಗಳೆಲ್ಲ ಆಮೇಲೆ ಅಳಿಸಬೇಕಾದವು. ಪೆನ್ಸಿಲನ್ನು ಮೊನೆಯಿಂದ ಮೂರು ನಾಲ್ಕು ಸೆಂ.ಮೀ. ಹಿಂದಕ್ಕೆ ಹಿಡಿಸಿ, ಒತ್ತಡ ತಾನಾಗಿ ಕಮ್ಮಿಯಾಗುತ್ತದೆ.

## ಹಂತ 2: ಬೂಟು ಮತ್ತು ಕಾಲು

ಮಕ್ಕಳು ತಕರಾರು ಮಾಡುವುದು ಇಲ್ಲೇ. ಬೂಟಿನಿಂದ ಯಾರಾದರೂ ಶುರು ಮಾಡುತ್ತಾರಾ ಎಂದು ಕೇಳುತ್ತಾರೆ. ಮಾಡಿಸಿ. ನೆಲಕ್ಕೆ ತಾಗಿದ ಬೂಟು ಒಮ್ಮೆ ಹಾಳೆಯ ಮೇಲೆ ಬಂದರೆ ಸೈನಿಕ ಇನ್ನು ಕೆಳಗೆ ಜಾರುವಂತಿಲ್ಲ.

ಒಂದೊಂದು ಬೂಟು 2 ಸೆಂ.ಮೀ. ಎತ್ತರ, 3 ಸೆಂ.ಮೀ. ಅಗಲ, ಮೊನೆ ಹೊರಕ್ಕೆ. ಸಾವಧಾನ್‌ನಲ್ಲಿ ಹಿಮ್ಮಡಿ ಎರಡೂ ಕೂಡಿ, ಪಾದಗಳ ನಡುವೆ ಸುಮಾರು 30 ಡಿಗ್ರಿ ಕೋನವಿರುತ್ತದೆ. ಚಿತ್ರದಲ್ಲಿ ಹಿಮ್ಮಡಿ ಬೆನ್ನುಗೆರೆಗೆ ತಾಗಲಿ, ಮೊನೆ ಒಂದು ಎಡಕ್ಕೆ, ಒಂದು ಬಲಕ್ಕೆ. ವಿಶ್ರಾಮ್ ಆದರೆ ಬೂಟುಗಳ ನಡುವೆ 2 ಸೆಂ.ಮೀ. ಬಿಡಿ. ಸೆಲ್ಯೂಟ್ ಹೊಡೆಯುವುದು ಸಾವಧಾನ್‌ನಲ್ಲಿ ನಿಂತೇ, ಆದ್ದರಿಂದ ಆ ಚಿತ್ರದಲ್ಲಿ ಕಾಲು ಅಗಲಿಸಬಾರದು. ಸ್ಪರ್ಧೆಗಳಲ್ಲಿ ಈ ತಪ್ಪು ಬಹಳ ಕಾಣುತ್ತದೆ.

ಬೂಟಿನ ಮೇಲಿನಿಂದ ಅಂಗಿ ಮನೆಯ ತಳದವರೆಗೆ ಎರಡು ಕೊಳವೆ: ತಲಾ 2 ಸೆಂ.ಮೀ. ಅಗಲ, 3.4 ಸೆಂ.ಮೀ. ಎತ್ತರ. ಕುಳ್ಳಗಿದೆ ಅನಿಸುತ್ತದೆ. ಕಾರ್ಟೂನಿಗೆ ಅದೇ ಸೊಗಸು.

## ಹಂತ 3: ಅಂಗಿ ಮತ್ತು ಬೆಲ್ಟು

ಅಂಗಿ ಮನೆಯಲ್ಲಿ ಮೇಲೆ ಅಗಲ, ಕೆಳಗೆ ಕಿರಿದಾದ ಒಂದು ಪೆಟ್ಟಿಗೆ. ಹೆಗಲು 6 ಸೆಂ.ಮೀ., ಸೊಂಟ 5 ಸೆಂ.ಮೀ. ಬೆನ್ನುಗೆರೆಯ ಎರಡೂ ಬದಿಗೆ ಸಮ ಇರಬೇಕು. ತಳದ 0.8 ಸೆಂ.ಮೀ. ಬೆಲ್ಟು, ಅದರ ಬಕಲ್ ಸರಿಯಾಗಿ ಬೆನ್ನುಗೆರೆಯ ಮೇಲೆ. ಬಕಲ್ ಪಕ್ಕಕ್ಕೆ ಸರಿದಿದ್ದರೆ ಸೈನಿಕ ವಾಲಿದ್ದಾನೆ ಎಂದರ್ಥ, ಕೈ ಬರೆಯುವ ಮೊದಲೇ ಸರಿಮಾಡಿಸಿ.

ಹೆಗಲಿನ ಮೇಲೆ ಅರ್ಧ ಸೆಂ.ಮೀ. ಕಾಲರ್‌ಗೆ ಬಿಡಿ. ಕುತ್ತಿಗೆ ಬೇಡ. ಜೇಬು, ಗುಂಡಿ ಈಗಲೇ ಬೇಡ.

## ಹಂತ 4: ತಲೆ ಮತ್ತು ಹೆಲ್ಮೆಟ್

ಮುಖದ ಮನೆ ತುಂಬುವಂತೆ, 7 ಸೆಂ.ಮೀ. ಅಗಲಕ್ಕೆ ಒಂದು ದುಂಡು. ಗದ್ದ ಮನೆಯ ತಳಗೆರೆಗೆ ತಾಗಬೇಕು. ಬಳೆಯನ್ನೋ ಲೋಟದ ಬಾಯಿಯನ್ನೋ ಇಟ್ಟು ಸುತ್ತ ಎಳೆಸುವ ರೂಢಿ ಇದೆ. ನನ್ನ ಮಟ್ಟಿಗೆ ಅದು ಬೇಡ. ಮುಖ ಯಂತ್ರದಲ್ಲಿ ಕೊರೆದಂತೆ ಬಂದು ಉಳಿದ ಕೈಬರಹದ ಗೆರೆಗಳ ಜೊತೆ ಹೊಂದುವುದಿಲ್ಲ. ಪೆನ್ಸಿಲ್ ಹಾಳೆಗೆ ತಾಗಿಸದೆ ಗಾಳಿಯಲ್ಲಿ ಮೂರು ಸುತ್ತು ಸುತ್ತಿಸಿ, ನಾಲ್ಕನೆಯ ಸುತ್ತಿಗೆ ಇಳಿಸಲು ಹೇಳಿ. ಸ್ವಲ್ಪ ಸೊಟ್ಟಗಾದರೆ ಅದೇ ಆ ಸೈನಿಕನ ಮುಖ. ನಲಿ-ಕಲಿ ಕೋಣೆಯಲ್ಲಿ ಮಕ್ಕಳ ಎತ್ತರಕ್ಕೆ ಗೋಡೆ ಬೋರ್ಡು ಇದ್ದರೆ ಮೊದಲು ಅಲ್ಲಿ ಸೀಮೆಸುಣ್ಣದಲ್ಲಿ ಸುತ್ತಿಸಿ. ಭುಜದಿಂದ ಕೈ ತಿರುಗಿಸುವುದು ಬೇಗ ಬರುತ್ತದೆ.

ಹೆಲ್ಮೆಟ್ ಅಂದರೆ ಟೋಪಿ ಮನೆಯ ಕೆಳ ಅರ್ಧದಲ್ಲಿ ಒಂದು ಕಮಾನು, 8 ಸೆಂ.ಮೀ. ಅಗಲ. ಅದರ ಅಂಚು ಮುಖದ ಮೇಲೆ 1 ಸೆಂ.ಮೀ. ಇಳಿಯಬೇಕು. ಇಳಿಯದೆ ನೆತ್ತಿಯ ಮೇಲೆ ಕೂತರೆ ಟೋಪಿ ಗಾಳಿಗೆ ಹಾರಿಹೋಗುವಂತೆ ಕಾಣುತ್ತದೆ.

8 ವರ್ಷ ದಾಟಿದವರು ಹೆಲ್ಮೆಟ್ ಬದಲು ಬೆರೆ (beret) ಎಂಬ ಮೆತ್ತನೆಯ ಬಟ್ಟೆ ಟೋಪಿ ಬರೆಯಬಹುದು. ಹಣೆಯ ಮೇಲೆ ಮುಕ್ಕಾಲು ಸೆಂ.ಮೀ. ಪಟ್ಟಿ, ಬಟ್ಟೆ ಸೈನಿಕನ ಬಲಗಿವಿಯ ಕಡೆ, ಅಂದರೆ ‘ಬ’ ಇರುವ ಕಡೆ, ಇಳಿದಿರುತ್ತದೆ. ಲಾಂಛನ ಎಡಗಣ್ಣಿನ ಮೇಲೆ. ಪ್ಯಾರಾಚೂಟ್ ರೆಜಿಮೆಂಟಿನದು ಮರೂನ್ ಬೆರೆ, ಟ್ಯಾಂಕ್ ಪಡೆಯದು ಕಪ್ಪು. 2021ರ ಮೇ ತಿಂಗಳಲ್ಲಿ ಬೆಂಗಳೂರಿನ ಸೇನಾ ಪೊಲೀಸ್ ಕೇಂದ್ರದಲ್ಲಿ ತರಬೇತಿ ಮುಗಿಸಿದ 83 ಮಹಿಳಾ ಸೈನಿಕರ ಮೊದಲ ತಂಡ ತೊಟ್ಟಿದ್ದು ಕೆಂಪು. ಹುಡುಗಿಯರು ತಮ್ಮ ಸೈನಿಕಳನ್ನು ಬರೆಯಲು ಹೊರಟರೆ ಕೂದಲು ಬಿಡಿಸಿ ಹಾರಿಸುವುದು ಬೇಡ. ಹಿಂದೆ ತುರುಬು ಕಟ್ಟಿರುತ್ತದೆ, ಎದುರಿನಿಂದ ನೋಡಿದರೆ ಕಿವಿಯ ಪಕ್ಕ ಒಂದಿಷ್ಟು ಕಪ್ಪು ಮಾತ್ರ.

## ಹಂತ 5: ಕೈಗಳು

ನಿಧಾನವಾಗಿ ಮಾಡಿಸಬೇಕಾದ ಹಂತ ಇದೇ. ಪಿರಿಯಡ್‌ನ ಕಾಲು ಭಾಗ ಇದಕ್ಕೇ ಇಡಿ.

ವಿಶ್ರಾಮ್‌ನ ಕೈ: ಹೆಗಲಿನಿಂದ ಹೊರಕ್ಕೆ ಇಳಿದು, ಮೊಣಕೈಯಲ್ಲಿ ಒಳಕ್ಕೆ ತಿರುಗಿ, ಸೊಂಟದ ಹಿಂದೆ ಮಾಯವಾಗುತ್ತದೆ. ಎರಡೂ ಬದಿಗೆ ಒಂದೊಂದು ತ್ರಿಕೋನದ ಕಿಂಡಿ ಕಾಣಬೇಕು. ಆ ಕಿಂಡಿ ಮುಚ್ಚಿಹೋದರೆ ಸೈನಿಕನಿಗೆ ಕೈಯೇ ಇಲ್ಲದಂತಾಗುತ್ತದೆ.

ಸಾವಧಾನ್‌ನ ಕೈ: ಹೆಗಲಿನಿಂದ ನೇರ ಕೆಳಗೆ, ಮುಷ್ಟಿ ಬೆಲ್ಟಿಗಿಂತ ಒಂದೂವರೆ ಸೆಂ.ಮೀ. ಕೆಳಗೆ. ಮುಷ್ಟಿ ಒಂದು ದುಂಡು, ಮುಂದೆ ಹೆಬ್ಬೆರಳಿಗೆ ಒಂದು ಚಿಕ್ಕ ಗೆರೆ. ಐದು ಬೆರಳು ಎಣಿಸಿ ಬರೆಯಲು ಬಿಡಬೇಡಿ.

ಸೆಲ್ಯೂಟ್‌ನ ಕೈಯನ್ನು ಮೊದಲು ಮೂರು ಚುಕ್ಕಿಯಲ್ಲಿ ಬರೆಸಿ. ‘ಬ’ ಇರುವ ಕಡೆಯ ಹೆಗಲಿನ ಮೇಲೆ ಒಂದು ಚುಕ್ಕಿ. ಅಲ್ಲಿಂದ ಹೊರಕ್ಕೆ, ಹೆಚ್ಚುಕಮ್ಮಿ ಅಡ್ಡಲಾಗಿ, 4 ಸೆಂ.ಮೀ. ದೂರದಲ್ಲಿ ಮೊಣಕೈ ಚುಕ್ಕಿ. ಮೂರನೆಯದು ಬಲ ಹುಬ್ಬಿನ ಹೊರಗೆ, ಹೆಲ್ಮೆಟ್ಟಿನ ಅಂಚಿನ ಹತ್ತಿರ. ಚುಕ್ಕಿಗಳನ್ನು ತೆಳುಗೆರೆಯಿಂದ ಕೂಡಿಸಿದರೆ ಮೊಣಕೈಯಿಂದ ಹುಬ್ಬಿನವರೆಗೆ ಸುಮಾರು 7 ಸೆಂ.ಮೀ. ಬರುತ್ತದೆ. ಅದರಲ್ಲಿ ಕೆಳಗಿನ 4.5 ಮುಂಗೈ, ಮೇಲಿನ 2.5 ಅಂಗೈ. ಆಮೇಲೆ ಗೆರೆಯ ಎರಡೂ ಬದಿಗೆ ಮುಕ್ಕಾಲು ಮುಕ್ಕಾಲು ಸೆಂ.ಮೀ. ಬಿಟ್ಟು ತೋಳಿನ ದಪ್ಪ ಕೊಡಿ.

ಇಲ್ಲಿ ಒಂದು ಗೊಂದಲ ಸಹಜ. ಕಾರ್ಟೂನಿನ ತಲೆ ದೊಡ್ಡದು, ಕೈ ಗಿಡ್ಡ; ನಿಜವಾದ ಅಳತೆಯ ಕೈ ಬರೆದರೆ ಹುಬ್ಬನ್ನು ಮುಟ್ಟುವುದೇ ಇಲ್ಲ, ಕೆನ್ನೆಗೆ ಹೊಡೆದುಕೊಂಡಂತೆ ಕಾಣುತ್ತದೆ. ಅದಕ್ಕೇ ಮುಂಗೈಯನ್ನು ಮೇಲ್ತೋಳಿಗಿಂತ ಉದ್ದ ಮಾಡಿದ್ದು. ಮಗು “ಉದ್ದ ಆಯ್ತಲ್ಲ ಸಾರ್” ಎಂದರೆ ತೋಳು ತುಂಬಿಸಿದ ಮೇಲೆ ನೋಡಲು ಹೇಳಿ.

ಭೂಸೇನೆಯ ಸೆಲ್ಯೂಟ್‌ನಲ್ಲಿ ಅಂಗೈ ಎದುರಿನವರಿಗೆ ಪೂರ್ತಿ ಕಾಣುತ್ತದೆ, ಬೆರಳು ಕೂಡಿರುತ್ತವೆ. ನೌಕಾಸೇನೆಯಲ್ಲಿ ಅಂಗೈ ನೆಲದ ಕಡೆ ಬಾಗಿರುತ್ತದೆ. ನಮಗೆ ಭೂಸೇನೆಯದೇ ಅನುಕೂಲ: ಒಂದೇ ಅಂಗೈ ಆಕಾರ, ಮೇಲೆ ದುಂಡು, ಪಕ್ಕಕ್ಕೆ ಅಂಟಿದ ಹೆಬ್ಬೆರಳು, ಬೆರಳುಗಳ ನಡುವೆ ಮೂರು ಗಿಡ್ಡ ಗೆರೆ. ಉಗುರು ಬರೆದರೆ ತಪ್ಪು, ಅಂಗೈಯ ಕಡೆ ಉಗುರು ಕಾಣದು. ಬೆರೆ ಟೋಪಿಯ ಇಳಿದ ಬಟ್ಟೆಯೂ ಇದೇ ಬದಿಗೆ ಇರುವುದರಿಂದ ಮೊದಲು ಕೈ ಬರೆದು, ಬಟ್ಟೆಯನ್ನು ಅದರ ಹಿಂದೆ ಸರಿಸಿ.

## ಹಂತ 6: ಮುಖ

ಕಣ್ಣು ಮುಖದ ಮನೆಯ ಸರಿ ಮಧ್ಯದಲ್ಲಿ ಬರಬೇಕು, ಗದ್ದದಿಂದ 3.7 ಸೆಂ.ಮೀ. ಮೇಲೆ. ಹೆಲ್ಮೆಟ್ ಇರುವಾಗ ಮಕ್ಕಳು ಅದರ ಅಂಚಿಗೇ ಕಣ್ಣು ಅಂಟಿಸುತ್ತಾರೆ. ಕೆಳಗೆ ಕೆನ್ನೆ ಬಯಲಾಗಿ ಉಳಿಯುತ್ತದೆ, ಆ ಬಯಲು ತುಂಬಲು ಬಾಯಿ ದೊಡ್ಡದಾಗುತ್ತದೆ. ಎರಡು ಕಣ್ಣಿನ ನಡುವೆ ಇನ್ನೊಂದು ಕಣ್ಣು ಹಿಡಿಸುವಷ್ಟು ಜಾಗ ಬಿಡಿಸಿ.

ಭಾವ ಹುಬ್ಬಿನಲ್ಲಿದೆ. ಒಳತುದಿ ಕೆಳಗಿಳಿದರೆ ಸಿಟ್ಟು, ಮೇಲೇರಿದರೆ ಅಳು, ಅಡ್ಡವಾಗಿ ನೇರವಿದ್ದರೆ ಗತ್ತು. ಮೂರನ್ನೂ ರದ್ದಿ ಹಾಳೆಯಲ್ಲಿ ಬರೆಸಿ ಆರಿಸಿಕೊಳ್ಳಲು ಬಿಡಿ. ಮೀಸೆ ಮೂಗಿನ ತಳಕ್ಕೆ ಅಂಟಿಕೊಂಡಿರಲಿ. ಮೀಸೆ ಇದ್ದರೆ ಮೇಲ್ದುಟಿ ಬೇಡ, ಕೆಳಗೊಂದು ಚಿಕ್ಕ ಗೆರೆ ಸಾಕು.

## ಹಂತ 7: ಸಮವಸ್ತ್ರದ ಸಣ್ಣ ಸಾಮಾನು

ಎದೆಗೆ ಎರಡು ಜೇಬು, ತಲಾ 1.5 ಸೆಂ.ಮೀ. ಚೌಕ. ಹೆಸರಿನ ಪಟ್ಟಿ ಸೈನಿಕನ ಬಲ ಎದೆಯ ಮೇಲೆ, ಅಂದರೆ ಮತ್ತೆ ‘ಬ’ ಕಡೆ. ಅಲ್ಲಿ ಮಗು ತನ್ನ ಹೆಸರನ್ನೇ ಬರೆದುಕೊಳ್ಳಲಿ.

ಪದಕಗಳು ಎಡ ಎದೆಗೆ. ಆದರೆ ಅವು ಪರೇಡಿನ ಉಡುಪಿಗೆ ಸೇರಿದ್ದು. ಹೆಲ್ಮೆಟ್ ಹಾಕಿ ಮಚ್ಚೆ ಬಟ್ಟೆ ತೊಟ್ಟ ಸೈನಿಕನಿಗೆ ಪದಕ ತೂಗುಹಾಕುವುದಿಲ್ಲ. ತೋಳಿನ ಮೇಲೆ ತುದಿ ಕೆಳಗಾದ ‘ವಿ’ ಗೆರೆ: ಒಂದಿದ್ದರೆ ಲ್ಯಾನ್ಸ್ ನಾಯಕ್, ಎರಡಿದ್ದರೆ ನಾಯಕ್, ಮೂರಿದ್ದರೆ ಹವಾಲ್ದಾರ್. ಗೆರೆಯೇ ಇಲ್ಲದಿದ್ದರೆ ಸಿಪಾಯಿ. ನಾಲ್ಕು ಗೆರೆ ಎಳೆದು ಬಡ್ತಿ ಕೊಡುವ ಮಕ್ಕಳೇ ಹೆಚ್ಚು!

ಈಗ ಮಾತ್ರ ರಬ್ಬರು ಕೈಗೆ ಕೊಡಿ. ಇಲ್ಲಿಯವರೆಗೆ ತಪ್ಪಿದ ಗೆರೆಯ ಪಕ್ಕದಲ್ಲೇ ಸರಿಯಾದದ್ದನ್ನು ಬರೆಯುವುದು ನಿಯಮ. ಅಳಿಸುವಾಗ ಒಂದು ಕೈ ಹಾಳೆಯನ್ನು ಒತ್ತಿ ಹಿಡಿದಿರಲಿ, ಉಜ್ಜುವುದು ಒಂದೇ ದಿಕ್ಕಿಗೆ. ಹಿಂದೆ ಮುಂದೆ ಉಜ್ಜಿದರೆ ಹಾಳೆ ಸುಕ್ಕಾಗುತ್ತದೆ.

## ಹಂತ 8: ಶಾಯಿ

ಶಾಯಿ ಮೊದಲು, ಕ್ರೇಯಾನ್ ಆಮೇಲೆ. ಮೇಣದ ಮೇಲೆ ಸ್ಕೆಚ್ ಪೆನ್ ಹಿಡಿಯುವುದಿಲ್ಲ. ಶಾಯಿ ಹನಿ ಹನಿಯಾಗಿ ನಿಂತು, ಮೊನೆಗೆ ಮೇಣ ಮೆತ್ತಿ ಪೆನ್ನೇ ಕೆಡುತ್ತದೆ.

ಹೊರಗೆರೆಗೆ ಸ್ಕೆಚ್ ಪೆನ್, ಒಳಗಿನ ಜೇಬು, ಗುಂಡಿ, ಬೂಟಿನ ದಾರಕ್ಕೆ ಬಾಲ್ ಪೆನ್. ಎಲ್ಲಕ್ಕೂ ಒಂದೇ ದಪ್ಪದ ಗೆರೆ ಬಳಸಿದರೆ ದೂರದಿಂದ ಕಪ್ಪು ಮುದ್ದೆ. ಬಲಗೈಯವರು ಮೇಲೆ ಎಡದಿಂದ, ಎಡಗೈಯವರು ಮೇಲೆ ಬಲದಿಂದ ಶುರು ಮಾಡಲಿ. ಅಂಗೈ ಕೆಳಗೆ ಒಂದು ಒಣ ಕಾಗದ. ಮಳೆಗಾಲದಲ್ಲಿ ಕನಿಷ್ಠ 10 ನಿಮಿಷ ಬಿಟ್ಟು ಬೆರಳಂಚಿನಿಂದ ಬೂಟಿನ ಮೂಲೆ ಮುಟ್ಟಿ ನೋಡಿ. ಬೆರಳಿಗೆ ಕಪ್ಪು ಹತ್ತದಿದ್ದರೆ ಮನೆಗೆರೆ, ಬೆನ್ನುಗೆರೆ, ‘ಬ’ ಎಲ್ಲ ಅಳಿಸಿ.

## ಹಂತ 9: ಬಣ್ಣ

ಡಬ್ಬಿಯಲ್ಲಿರುವ ಹಸಿರು ಗಿಳಿಹಸಿರು, ಸೈನಿಕನದಲ್ಲ. ಮೊದಲು ಹಳದಿಯನ್ನು ತೆಳುವಾಗಿ, ಅದರ ಮೇಲೆ ಹಸಿರು, ಕೊನೆಗೆ ಕಂದು ಒಂದು ಪದರ ಸವರಿದರೆ ಆಲಿವ್ ಹಸಿರು ಬರುತ್ತದೆ. ಕಂದು ಜಾಸ್ತಿಯಾದರೆ ಕೆಸರು. ರದ್ದಿ ಹಾಳೆಯಲ್ಲಿ ಬೆರಳುಗುರಿನಷ್ಟು ಜಾಗದಲ್ಲಿ ಪರೀಕ್ಷಿಸಿ ನೋಡಲಿ.

ಮಚ್ಚೆ ಬಟ್ಟೆಗೆ ಕ್ರಮ: ಎಲ್ಲ ಕಡೆ ತಿಳಿ ಬಣ್ಣ, ಮೇಲೆ ಹಸಿರು ತೇಪೆ, ಕಡೆಗೆ ಕಡುಕಂದಿನ ನಾಲ್ಕಾರು ತೇಪೆ. ಅಂಗಿಗೆ ಎಲ್ಲ ಸೇರಿ ಏಳೆಂಟು ಸಾಕು. ದುಂಡು ದುಂಡಾಗಿ ಬಿಡಿ ಬಿಡಿಯಾಗಿ ಇಟ್ಟರೆ ಚಿರತೆಯಾಗುತ್ತದೆ. ತೇಪೆಗಳು ಅಂಕುಡೊಂಕಾಗಿ, ಕೆಲವು ಅಂಗಿಯ ಅಂಚಿನಲ್ಲಿ ಅರ್ಧಕ್ಕೇ ಕತ್ತರಿಸಿದಂತೆ ಇರಬೇಕು. 2022ರ ಜನವರಿ 15ರ ಸೇನಾ ದಿನದಂದು ತೋರಿಸಿದ ಹೊಸ ಸಮವಸ್ತ್ರದಲ್ಲಿ ವಿನ್ಯಾಸ ಚಿಕ್ಕ ಚೌಕಗಳದು. ಚೌಕುಳಿ ನೋಟ್‌ಬುಕ್ಕಿನ ಹಾಳೆಯಲ್ಲಿ ಅಭ್ಯಾಸ ಮಾಡಿದ ದೊಡ್ಡ ಮಕ್ಕಳಿಗೆ ಅದು ಚೆನ್ನಾಗಿ ಬರುತ್ತದೆ, ಚಿಕ್ಕವರಿಗೆ ಬೇಸರ ತರಿಸುತ್ತದೆ.

ಮೈಬಣ್ಣಕ್ಕೆ ಗುಲಾಬಿ ಕ್ರೇಯಾನ್ ಹಿಡಿದರೆ ಬದಲಿಸಿ. ಕಂದನ್ನು ತೆಳುವಾಗಿ ಸವರಿ ಮೇಲೆ ಒಂಚೂರು ಕಿತ್ತಳೆ, ಸಾಕು. ಬೂಟಿಗೆ ಕಪ್ಪು ತುಂಬುವಾಗ ಮೊನೆಯ ಹತ್ತಿರ ಅಕ್ಕಿಕಾಳಿನಷ್ಟು ಬಿಳಿ ಬಿಡಿಸಿ, ಪಾಲಿಶ್ ಹೊಡೆದ ಹೊಳಪು ಅದರಿಂದಲೇ ಬರುತ್ತದೆ. ಬೂಟಿನ ಕೆಳಗೆ ನೆಲದ ಗೆರೆಗೆ ತಾಗಿದಂತೆ ಬೂದು ನೆರಳು ಹಾಕಿದರೆ ಸೈನಿಕ ತೇಲುವುದಿಲ್ಲ.

ಧ್ವಜ ಸೇರಿಸುವುದಾದರೆ ಅಗಲ 6 ಸೆಂ.ಮೀ., ಎತ್ತರ 4 ಸೆಂ.ಮೀ. ಅನುಪಾತ 3:2. ಆ ಅಳತೆಯಲ್ಲಿ ಚಕ್ರದ 24 ಕಡ್ಡಿ ಬರೆಯುವುದು ಮಕ್ಕಳಿಂದಾಗದು. ಕಡ್ಡಿ ಲೆಕ್ಕ ತಪ್ಪುವ ಬದಲು ಧ್ವಜವನ್ನೇ ಬಿಡುವುದು ಒಳ್ಳೆಯದು.

ಹಿನ್ನೆಲೆ ಬೇಕೆಂದವರು ಗುಡ್ಡದ ಸಾಲು, ಒಂದೆರಡು ಅಡಿಕೆ ಮರ ಬರೆದುಕೊಳ್ಳಲಿ, ಆದರೆ ಗುಡ್ಡದ ಗೆರೆ ಸೈನಿಕನ ಕುತ್ತಿಗೆಯ ಮಟ್ಟದಲ್ಲಿ ಹಾಯಬಾರದು, ತಲೆ ಕತ್ತರಿಸಿದಂತೆ ಕಾಣುತ್ತದೆ. ಸೊಂಟದ ಮಟ್ಟ ಸರಿ.

## ಇಲ್ಲಿ ನಿಲ್ಲಿಸಿ ನೋಡಿ

ಮಗು ಹಾಳೆಯನ್ನು ಪದೇ ಪದೇ ತಿರುಗಿಸುತ್ತಿದ್ದರೆ ಪ್ಯಾಡಿಗೆ ಕ್ಲಿಪ್ ಹಾಕಿಲ್ಲ. ಮುಖಕ್ಕೆ ಬರುವ ಮೊದಲೇ 30 ನಿಮಿಷ ಕಳೆದಿದ್ದರೆ ಅಂದಿಗೆ ನಿಲ್ಲಿಸಿ, ಮುಖ ಮರುದಿನಕ್ಕೆ ಇರಲಿ. ಪಕ್ಕದವರ ಹಾಳೆ ನೋಡಿ “ಅವನದ್ದೇ ಚೆಂದ” ಎಂಬ ಮಾತು ಬಂದರೆ ನಿಲುವು ವಯಸ್ಸಿಗೆ ಮೀರಿದ್ದಾಗಿರುತ್ತದೆ. ಸೆಲ್ಯೂಟ್‌ನಿಂದ ಸಾವಧಾನ್‌ಗೆ ಇಳಿಸಿ. ತಪ್ಪನ್ನು ಬೆರಳಿಟ್ಟು ತೋರಿಸುವುದಕ್ಕಿಂತ “ಪುಟ್ಟಾ, ಇವನು ಯಾವ ಕೈಯಲ್ಲಿ ಸೆಲ್ಯೂಟ್ ಹೊಡೀತಿದ್ದಾನೆ?” ಎಂದು ಕೇಳಿದರೆ ಮಗುವೇ ಎದ್ದು ನಿಂತು ಸೆಲ್ಯೂಟ್ ಹೊಡೆದು ನೋಡಿ ಸರಿಮಾಡಿಕೊಳ್ಳುತ್ತದೆ.

ಪ್ರತಿಭಾ ಕಾರಂಜಿಯಂಥ ಸ್ಪರ್ಧೆಯಲ್ಲಿ ದೊಡ್ಡ ಹಾಳೆ ಕೊಟ್ಟರೆ ಮಕ್ಕಳು ಗಾಬರಿಯಾಗಿ ಅಂಗೈಯಗಲದ ಸೈನಿಕನನ್ನು ಮೂಲೆಯಲ್ಲಿ ನಿಲ್ಲಿಸುತ್ತಾರೆ. ಅಲ್ಲಿ ಸೆಂಟಿಮೀಟರ್ ನೆನಪಿರಬೇಕಿಲ್ಲ. ಹಾಳೆ ಎಷ್ಟೇ ಉದ್ದವಿರಲಿ, ಅಷ್ಟೇ ಉದ್ದದ ಪಟ್ಟಿಯನ್ನು ಎರಡು ಸಲ ಮಡಚಿದರೆ ನಾಲ್ಕು ಮನೆ ಸಿಗುತ್ತವೆ. ಪಟ್ಟಿ ಒಯ್ಯಲು ಬಿಡದಿದ್ದರೆ ಗೇಣಿನಲ್ಲಿ ಅಳೆಯುವುದನ್ನು ಮೊದಲೇ ರೂಢಿ ಮಾಡಿಸಿ.

## ಮುಂದಿನ ಚಿತ್ರಕ್ಕೆ: ಕೋಟೆಯ ಸೈನಿಕ

ನಾಲ್ಕು ಮನೆಯ ಲೆಕ್ಕ ಕೈಗೆ ಹತ್ತಿದ ಮೇಲೆ ಹೆಲ್ಮೆಟ್ ತೆಗೆದು ರುಮಾಲು, ಬೆಲ್ಟಿನ ಬದಲು ನಡುಕಟ್ಟು, ಒಂದು ಕೈಗೆ ಗುರಾಣಿ ಕೊಟ್ಟರೆ ಕೆಳದಿ ನಾಯಕರ ಕಾಲದ ಕಾಲಾಳು ಆಗುತ್ತಾನೆ. ಗುರಾಣಿ ಎದೆಯ ಮುಂದೆ ಬಂದರೆ ಆ ಕೈಯ ಬೆರಳು ಕಾಣುವುದಿಲ್ಲ, ಅದೂ ಒಂದು ಅನುಕೂಲ. ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆ ಸಂಗ್ರಹಾಲಯದ ಆವರಣದಲ್ಲಿ, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ವೀರಗಲ್ಲುಗಳಿವೆ. ಮಕ್ಕಳನ್ನು ಕರೆದೊಯ್ದರೆ ಕಲ್ಲಿನ ಕೆಳಗಿನ ಪಟ್ಟಿಕೆಯನ್ನು ತೋರಿಸಿ, ಯುದ್ಧದ ದೃಶ್ಯ ಅಲ್ಲಿರುತ್ತದೆ. ಮೇಲಿನ ಪಟ್ಟಿಕೆಗಳು ವೀರ ಸ್ವರ್ಗಕ್ಕೆ ಹೋಗುವುದರವು, ಈ ಪಾಠಕ್ಕೆ ಬೇಡ. ಕಾಲಿನ ಹೆಜ್ಜೆ, ಗುರಾಣಿ ಹಿಡಿದ ಮೊಣಕೈ ಇವೆರಡನ್ನೇ ರದ್ದಿ ಹಾಳೆಯಲ್ಲಿ ಗೀಚಿಕೊಂಡು ಬರಲಿ. ಪೂರ್ತಿ ಕಲ್ಲು ಬರೆಯಲು ಹೊರಟವರು ಯಾರೂ ಮುಗಿಸುವುದಿಲ್ಲ.

## ಮುಗಿದ ಚಿತ್ರವನ್ನು ಇಡುವುದು

ಕ್ರೇಯಾನಿನ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟರೆ ಮೇಣ ಹತ್ತಿ ಮೇಲಿನವನ ಬೂಟು ಕೆಳಗಿನವನ ಮುಖಕ್ಕೆ ಅಚ್ಚಾಗುತ್ತದೆ. ನಡುವೆ ಬಿಳಿ ಹಾಳೆ ಹಾಕಿ. ದಿನಪತ್ರಿಕೆ ಹಾಕಿದರೆ ಅಕ್ಷರ ಇಳಿಯುತ್ತವೆ. ಥಂಡಿ ಹಾಳೆಯನ್ನು ಹಾಗೇ ಲ್ಯಾಮಿನೇಟ್ ಮಾಡಿಸಬೇಡಿ, ಒಳಗೆ ತೇವ ಉಳಿದು ಬೂಷ್ಟು ಬರುತ್ತದೆ. ಗೋಡೆಗೆ ಅಂಟಿಸುವುದಾದರೆ ಮಳೆ ಹೊಡೆಯುವ ಕಡೆಯ ಗೋಡೆ ಬಿಟ್ಟು ಒಳಗೋಡೆ ಆರಿಸಿ, ಮೈದಾ ಅಂಟಿನ ಬದಲು ದಾರಕ್ಕೆ ಕ್ಲಿಪ್ ಹಾಕಿ ತೂಗಿಬಿಡಿ.